ಯಾರನ್ನು ಕೇಳಿ ಹೋದೆ? - ‘ಗ್ರೇಸ್‌ಲ್ಯಾಂಡ್’ ಧ್ವನಿಸುರುಳಿಯ ಇತಿಹಾಸ

ಭಜನೆಯ ಪೇಟಿ ನೋಡದವರು ನಮ್ಮ ಕಡೆ ಯಾರೂ ಇಲ್ಲ. ಶ್ರಾವಣ ಬಂತೆಂದರೆ ಗುಡಿಯ ಕಟ್ಟೆಯ ಮೇಲೆ ಒಬ್ಬರು ಎಡಗೈಯಲ್ಲಿ ತಿದಿ ಒತ್ತುತ್ತ, ಬಲಗೈ ಬೆರಳುಗಳನ್ನು ಕರಿ-ಬಿಳಿ ಪಟ್ಟಿಗಳ ಮೇಲೆ ಓಡಿಸುತ್ತ ಕುಳಿತೇ ಇರುತ್ತಾರೆ. ಈ ಹಾರ್ಮೋನಿಯಂ ನಮ್ಮ ನೆಲದಲ್ಲಿ ಹುಟ್ಟಿದ್ದಲ್ಲ, ಯುರೋಪಿನಿಂದ ಬಂದದ್ದು ಎಂದರೆ ಎಷ್ಟೋ ಹಿರಿಯರು ನಂಬುವುದಿಲ್ಲ! ಪರದೇಶಿ ವಾದ್ಯ, ಗಮಕ ಬಾರದ ವಾದ್ಯ ಎಂದು ಆಕಾಶವಾಣಿಯವರೇ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿದ್ದರು. ಜನ ಮಾತ್ರ ಬಿಡಲಿಲ್ಲ. ಅದೇ ಜಾತಿಯ ಇನ್ನೊಂದು ವಾದ್ಯ ಅಕಾರ್ಡಿಯನ್. ಅದರಲ್ಲೂ ತಿದಿಯಿದೆ, ಗಾಳಿಗೆ ನಡುಗುವ ಲೋಹದ ನಾಲಿಗೆಯಿದೆ. ಎದೆಗೆ ಕಟ್ಟಿಕೊಂಡು ನುಡಿಸುತ್ತಾರೆ ಎನ್ನುವುದಷ್ಟೇ ವ್ಯತ್ಯಾಸ. ಅದು ಯುರೋಪಿನವರ ಜೊತೆ ಆಫ್ರಿಕಾ ಖಂಡದ ತೆಂಕಣ ತುದಿಗೆ ಹೋಯಿತು. ಅಲ್ಲಿನ ಲೆಸೊಥೊ ಎಂಬ ಪುಟ್ಟ ಗುಡ್ಡಗಾಡು ದೇಶದ ಜನ ಮತ್ತು ಗಣಿಗಳಿಗೆ ಕೂಲಿ ಹೋಗುತ್ತಿದ್ದ ಗಂಡಸರು ಅದನ್ನು ಪೂರ್ತಿ ತಮ್ಮದನ್ನಾಗಿ ಮಾಡಿಕೊಂಡರು. ನಾನು ಇಂದು ಹೇಳಹೊರಟಿರುವ ಕತೆ ಶುರುವಾಗುವುದು ಆ ಅಕಾರ್ಡಿಯನ್ನಿನ ಒಂದು ಕ್ಯಾಸೆಟ್ಟಿನಿಂದ.

ಕತೆ ನೆನಪಾಗಲು ಕಾರಣ ತರಗತಿಯಲ್ಲಿ ಬಂದ ಒಂದು ಪ್ರಶ್ನೆ. ಮಂಡೇಲಾ ಅವರ ಬಗ್ಗೆ ಹೇಳುತ್ತಿದ್ದೆ. ವರ್ಣಭೇದ ನೀತಿಯ ವಿರುದ್ಧ ಜಗತ್ತೇ ದಕ್ಷಿಣ ಆಫ್ರಿಕಾಕ್ಕೆ ಬಹಿಷ್ಕಾರ ಹಾಕಿತ್ತು, ಆಟಗಾರರು ಆಡಲು ಹೋಗುತ್ತಿರಲಿಲ್ಲ, ಹಾಡುಗಾರರು ಹಾಡಲು ಹೋಗುತ್ತಿರಲಿಲ್ಲ ಎಂದೆ. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ನಿಂತು, “ಸರ್, ಹೊರಗಿನವರು ಯಾರೂ ಹೋಗಬಾರದು ಅಂದ್ರ, ಒಳಗಿದ್ದ ಕರಿಯರು ಏನ್ ಮಾಡಬೇಕ್ರಿ?” ಎಂದು ಕೇಳಿದಳು. ಗಂಟೆ ಬಾರಿಸಿತು, ಬಚಾವಾದೆ. ಆದರೆ ಅವಳು ಕೇಳಿದ್ದು ಸಣ್ಣ ಪ್ರಶ್ನೆಯಲ್ಲ. 1986ರಲ್ಲಿ ದೊಡ್ಡದೊಡ್ಡವರು ಇದೇ ಪ್ರಶ್ನೆಗೆ ಜಗಳವಾಡಿದ್ದಾರೆ. ಜಗಳಕ್ಕೆ ಕಾರಣವಾದದ್ದು ‘ಗ್ರೇಸ್‌ಲ್ಯಾಂಡ್’ ಎಂಬ ಹೆಸರಿನ, ಹನ್ನೊಂದು ಹಾಡುಗಳ ಒಂದು ಇಂಗ್ಲಿಷ್ ಪಾಪ್ ಧ್ವನಿಸುರುಳಿ.

ಹಾಡಿದವನು ಪಾಲ್ ಸೈಮನ್. ಹುಟ್ಟಿದ್ದು 1941ರಲ್ಲಿ, ಬೆಳೆದದ್ದು ನ್ಯೂಯಾರ್ಕಿನಲ್ಲಿ. ಗೆಳೆಯ ಆರ್ಟ್ ಗಾರ್‌ಫಂಕೆಲ್ ಜೊತೆಗೂಡಿ 1960ರ ದಶಕದಲ್ಲಿ ಅಮೆರಿಕವೆಲ್ಲ ಗುನುಗುವ ಹಾಡುಗಳನ್ನು ಕೊಟ್ಟವನು. 1970ರಲ್ಲಿ ಜೋಡಿ ಒಡೆಯಿತು. ಆಮೇಲೆ ಒಬ್ಬನೇ ಹಾಡಿದ, ಅದರಲ್ಲೂ ಹೆಸರು ಮಾಡಿದ. ಪರದೇಶದ ಸಂಗೀತದ ಹುಚ್ಚು ಅವನಿಗೆ ಮೊದಲಿನಿಂದಲೂ ಇತ್ತು. ಒಮ್ಮೆ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ಕಡೆಯ ರಾಗವೊಂದಕ್ಕೆ ಇಂಗ್ಲಿಷ್ ಮಾತು ಕೂಡಿಸಿದ್ದ. ಇನ್ನೊಮ್ಮೆ ಜಮೈಕಾಕ್ಕೇ ಹೋಗಿ ಅಲ್ಲಿನವರ ತಾಳಕ್ಕೆ ಹಾಡಿ ಬಂದಿದ್ದ. ಆದರೆ 1983ರಲ್ಲಿ ಬಂದ ಅವನ ಧ್ವನಿಸುರುಳಿ ಮಾರುಕಟ್ಟೆಯಲ್ಲಿ ಬಿದ್ದುಹೋಯಿತು. ಮದುವೆಯೂ ಅದೇ ಹೊತ್ತಿಗೆ ಮುರಿಯಿತು. ನಲವತ್ತು ದಾಟಿದವನು, ಕೈಯಲ್ಲಿ ಕೆಲಸವಿಲ್ಲ, ಕಂಪನಿಯವರಿಗೂ ಇವನಿಂದ ಹೆಚ್ಚಿನ ನಿರೀಕ್ಷೆಯಿಲ್ಲ. ನಲವತ್ತು ದಾಟಿದ ನನ್ನಂಥವರಿಗೆ ಆ ಸ್ಥಿತಿ ಬಿಡಿಸಿ ಹೇಳಬೇಕಾಗಿಲ್ಲ.

1984ರಲ್ಲಿ ಹೈಡಿ ಬರ್ಗ್ ಎಂಬ ಗಾಯಕಿ ಅವನಿಗೊಂದು ಕ್ಯಾಸೆಟ್ ಕೊಟ್ಟಳು. ಅದರ ಹೆಸರು ‘ಗಂಬೂಟ್ಸ್: ಅಕಾರ್ಡಿಯನ್ ಜೈವ್ ಹಿಟ್ಸ್, ಭಾಗ 2’. ಕಾರಿನಲ್ಲಿ ಹಾಕಿಕೊಂಡು ಓಡಾಡಿದ. ಹತ್ತಾರು ಸಲ ಕೇಳಿದ ಮೇಲೆ ತನಗರಿವಿಲ್ಲದೆಯೇ ಅದರ ಮೇಲೆ ತನ್ನದೊಂದು ರಾಗ ಗುನುಗತೊಡಗಿದ್ದ. ಇದು ಯಾವ ದೇಶದ್ದು ಎಂದು ವಿಚಾರಿಸಿದಾಗ ತಿಳಿದದ್ದು: ದಕ್ಷಿಣ ಆಫ್ರಿಕಾ.

ಗಂಬೂಟು ಎಂದರೆ ಮೊಣಕಾಲಿನವರೆಗೆ ಬರುವ ರಬ್ಬರಿನ ಬೂಟು. ಜೊಹಾನ್ಸ್‌ಬರ್ಗ್ ಸುತ್ತ 1886ರಲ್ಲಿ ಚಿನ್ನ ಸಿಕ್ಕಿದ ಮೇಲೆ ಹಳ್ಳಿಗಳಿಂದ ಲಕ್ಷಾಂತರ ಕರಿಯ ಗಂಡಸರು ಗಣಿಗೆ ಇಳಿದರು. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಜಾನ್ ಟೇಲರ್ ಕಂಪನಿಯ ಕೆಲಸ ಶುರುವಾದದ್ದೂ ಅದೇ ದಶಕದಲ್ಲಿ. ಅಲ್ಲಿ ಗಣಿಯ ತಳದಲ್ಲಿ ನೀರು ನಿಲ್ಲುತ್ತಿತ್ತು. ಅದಕ್ಕೇ ಕೂಲಿಗಳ ಕಾಲಿಗೆ ಈ ಬೂಟು. ಆ ಬೂಟನ್ನೇ ಕೈಯಿಂದ ಬಡಿದು, ನೆಲಕ್ಕೆ ಕುಟ್ಟಿ ಕೂಲಿಗಳು ಒಂದು ಕುಣಿತವನ್ನೇ ಹುಟ್ಟಿಸಿದರು. ಪಟ್ಟಣದ ಅಂಚಿನಲ್ಲಿ ಕರಿಯರಿಗೆಂದೇ ಕಟ್ಟಿದ ವಸತಿಗಳಲ್ಲಿ ಈ ಕುಣಿತ, ಹಳ್ಳಿಯ ಹಾಡು, ಅಮೆರಿಕದ ಜಾಝ್ ಎಲ್ಲ ಕಲೆತು ‘ಎಂಬಕಾಂಗ’ ಎಂಬ ಸಂಗೀತವಾಯಿತು. ಜುಲು ಭಾಷೆಯಲ್ಲಿ ಆ ಪದಕ್ಕೆ ಮೆಕ್ಕೆಜೋಳದ ಹಿಟ್ಟಿನ ಅಡುಗೆ ಎಂದರ್ಥ. ಬಡವರ ದಿನದ ಊಟ. ನಮ್ಮಲ್ಲಿ ಒಂದು ಸಂಗೀತಕ್ಕೆ ‘ಅಂಬಲಿ’ ಎಂದು ಹೆಸರಿಟ್ಟ ಹಾಗೆ!

ಇನ್ನು ಬಹಿಷ್ಕಾರದ ವಿಷಯಕ್ಕೆ ಬರೋಣ. ಇದರಲ್ಲಿ ನಮ್ಮ ದೇಶಕ್ಕೆ ಹೆಮ್ಮೆ ಪಡುವ ಪಾಲಿದೆ. ದಕ್ಷಿಣ ಆಫ್ರಿಕಾದ ಜೊತೆ ವ್ಯಾಪಾರ ಸಂಬಂಧವನ್ನು ಎಲ್ಲರಿಗಿಂತ ಮೊದಲು ಕಡಿದುಕೊಂಡದ್ದು ಭಾರತ, 1946ರಲ್ಲಿ, ಸ್ವಾತಂತ್ರ್ಯ ಬರುವ ಮುನ್ನವೇ. 1974ರಲ್ಲಿ ನಮ್ಮ ಟೆನಿಸ್ ತಂಡ ಡೇವಿಸ್ ಕಪ್ಪಿನ ಗೆಲುವಿಗೆ ತೀರಾ ಹತ್ತಿರ ಬಂದಿತ್ತು. ಅಂತಿಮ ಪಂದ್ಯದ ಎದುರಾಳಿ ದಕ್ಷಿಣ ಆಫ್ರಿಕಾ. ಸರಕಾರ ಆಡುವುದಿಲ್ಲ ಎಂದಿತು, ಕಪ್ಪು ಅವರಿಗೇ ಹೋಯಿತು. ಅಮೃತರಾಜ್ ಸಹೋದರರು ಆಡದೆ ಸೋತ ಆ ಪಂದ್ಯವನ್ನು ನಾನು ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇನೆ. ಕಲಾವಿದರೂ ಆ ದೇಶಕ್ಕೆ ಹೋಗಬಾರದು, ಅಲ್ಲಿನವರೊಡನೆ ಕೊಡುಕೊಳ್ಳುವಿಕೆ ಇಟ್ಟುಕೊಳ್ಳಬಾರದು ಎಂದು 1980ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಠರಾವು ಮಾಡಿತು. ಅಲ್ಲಾದರೋ ಸನ್ ಸಿಟಿ ಎಂಬ ಮೋಜಿನ ಊರನ್ನು ಕಟ್ಟಿ, ಅದು ಇರುವುದು ಬೇರೆ ‘ಸ್ವತಂತ್ರ’ ರಾಜ್ಯದಲ್ಲಿ ಎಂಬ ನೆಪ ಹೇಳಿ, ದುಡ್ಡು ಸುರಿದು ಹೊರಗಿನ ಗಾಯಕರನ್ನು ಕರೆಸುತ್ತಿದ್ದರು. ಸೈಮನ್‌ಗೂ ಅಲ್ಲಿಂದ ಕರೆ ಬಂದಿತ್ತು, ಅವನು ಹೋಗಲಿಲ್ಲ. ಇದನ್ನು ಅವನ ಲೆಕ್ಕಕ್ಕೆ ಬರೆಯಲೇಬೇಕು.

ಆದರೆ ಈಗ ಅವನಿಗೆ ಹೋಗಲೇಬೇಕಿತ್ತು. ಸನ್ ಸಿಟಿಗಲ್ಲ, ಆ ಕ್ಯಾಸೆಟ್ಟಿನಲ್ಲಿ ನುಡಿಸಿದವರ ಬಳಿಗೆ. ಗಾಯಕ ಹ್ಯಾರಿ ಬೆಲಾಫಾಂಟೆಯ ಸಲಹೆ ಕೇಳಿದ. ಬೆಲಾಫಾಂಟೆ ಕರಿಯರ ಹೋರಾಟದ ಹಿರಿಯ, ದಕ್ಷಿಣ ಆಫ್ರಿಕಾದಿಂದ ಗಡಿಪಾರಾದವರ ಆಪ್ತ. ಹೋಗು, ಆದರೆ ಮೊದಲು ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನವರೊಡನೆ ಮಾತಾಡಿಕೊಂಡು ಹೋಗು ಎನ್ನುವುದು ಅವರ ಮಾತಾಗಿತ್ತು. ಸೈಮನ್ ಮಾತಾಡಲಿಲ್ಲ. ಹಾಡು ಮಾಡಲು ರಾಜಕೀಯ ಪಕ್ಷದ ಅಪ್ಪಣೆ ಏಕೆ ಬೇಕು ಎನ್ನುವುದು ಅವನ ವಾದ. ಅಲ್ಲಿನ ಕರಿಯ ವಾದ್ಯಗಾರರ ಸಂಘ ತಾನು ಬರಲು ಒಪ್ಪಿತ್ತು ಎಂದೂ ಆಮೇಲೆ ಹೇಳಿದ.

ನಾನೂ ಮುಷ್ಕರಕ್ಕೆ ಕುಳಿತವನೇ. ಎಲ್ಲರೂ ಹೊರಗೆ ಪೆಂಡಾಲಿನಲ್ಲಿ ಕುಳಿತ ದಿನ ಒಬ್ಬ ಶಿಕ್ಷಕ ಒಳಗೆ ಹೋಗಿ ಪಾಠ ಮಾಡಿದ ಎಂದಿಟ್ಟುಕೊಳ್ಳಿ. ದುಡ್ಡಿನಾಸೆಗಲ್ಲ, ಮಕ್ಕಳ ಮೇಲಿನ ಪ್ರೀತಿಗೇ ಹೋದ. ಪಾಠವೂ ಚೆನ್ನಾಗಿಯೇ ಆಯಿತು. ಆದರೂ ಹೊರಗೆ ಕುಳಿತವರಿಗೆ ಹೊಟ್ಟೆಯಲ್ಲಿ ಉರಿ ಏಳದೇ ಇರುತ್ತದೆಯೇ? ಬಹಿಷ್ಕಾರಕ್ಕೆ ಬಲ ಬರುವುದು ಯಾರೂ ಒಳಗೆ ಹೋಗದಿದ್ದಾಗ. ಒಬ್ಬ ಒಳ್ಳೆಯವನು ಒಳ್ಳೆಯ ಕಾರಣಕ್ಕೆ ಹೋದರೆ, ಅವನ ಹಿಂದೆಯೇ ಕೆಟ್ಟ ಕಾರಣದವರೂ ಹೋಗಲು ದಾರಿಯಾಗುತ್ತದೆ. ಬೆಲಾಫಾಂಟೆ ಹೇಳಿದಂತೆ ಕೇಳಿ ಹೋಗಿದ್ದರೆ ಸೈಮನ್ ಕಳೆದುಕೊಳ್ಳುತ್ತಿದ್ದದ್ದು ಏನೂ ಇರಲಿಲ್ಲ ಎಂದೇ ನನಗೆ ಅನಿಸುತ್ತದೆ.

1985ರ ಫೆಬ್ರವರಿಯಲ್ಲಿ ಅವನು ತನ್ನ ಧ್ವನಿಮುದ್ರಣ ತಜ್ಞ ರಾಯ್ ಹಾಲಿಯ ಜೊತೆ ಜೊಹಾನ್ಸ್‌ಬರ್ಗಿನಲ್ಲಿ ಇಳಿದ. ಎಲ್ಲ ಹೊಂದಿಸಿಕೊಟ್ಟವನು ಅಲ್ಲಿನ ಹಿಲ್ಟನ್ ರೋಸೆಂತಾಲ್ ಎಂಬ ನಿರ್ಮಾಪಕ. ಸುಮಾರು ಎರಡು ವಾರ ಕೆಲಸ ನಡೆಯಿತು. ಲೆಸೊಥೊದ ಅಕಾರ್ಡಿಯನ್ ತಂಡ ಬಂತು. ಶಾಂಗಾನ್ ಭಾಷೆಯಲ್ಲಿ ಹಾಡುವ ಗಾಜಾ ಸಿಸ್ಟರ್ಸ್ ಎಂಬ ಹೆಂಗಸರು ಜನರಲ್ ಶಿರಿಂದಾ ಜೊತೆ ಬಂದರು. ಆ ಮೂಲ ಕ್ಯಾಸೆಟ್ಟಿನ ಬೊಯೊಯೊ ಬಾಯ್ಸ್ ಬಂದರು. ‘ಸ್ಟಿಮೆಲಾ’ ತಂಡದ ಗಿಟಾರ್ ವಾದಕ ರೇ ಫಿರಿ, ಬೇಸ್ ಗಿಟಾರಿನ ಬಕಿತಿ ಕುಮಾಲೊ, ಡ್ರಮ್ಮಿನ ಐಸಾಕ್ ಎಂಶಾಲಿ - ಈ ಮೂವರು ಮುಂದೆ ಧ್ವನಿಸುರುಳಿಯ ಬೆನ್ನೆಲುಬೇ ಆದರು. ಸೈಮನ್ ಕೊಟ್ಟ ಸಂಬಳ ನ್ಯೂಯಾರ್ಕಿನ ಸಂಘದ ದರದ ಮೂರು ಪಟ್ಟು, ಗಂಟೆಗೆ ಸುಮಾರು 200 ಡಾಲರು. ಜೊಹಾನ್ಸ್‌ಬರ್ಗಿನಲ್ಲಿ ಅವರಿಗೆ ಸಿಗುತ್ತಿದ್ದದ್ದು ದಿನಕ್ಕೆ ಸುಮಾರು 15 ಡಾಲರು! ಆದರೆ ಸಂಜೆಯಾಗುತ್ತಿದ್ದಂತೆ ವಾದ್ಯಗಾರರ ಮುಖದಲ್ಲಿ ಆತಂಕ ಕಾಣುತ್ತಿತ್ತು. ಕತ್ತಲಾದ ಮೇಲೆ ಬಿಳಿಯರ ಪಟ್ಟಣದಲ್ಲಿ ಕರಿಯನು ಕಾಗದವಿಲ್ಲದೆ ಸಿಕ್ಕಿಬಿದ್ದರೆ ಜೈಲು. ಆ ‘ಪಾಸ್’ ಕಾನೂನು ರದ್ದಾದದ್ದು 1986ರಲ್ಲಿ. ಸ್ಟುಡಿಯೋದ ಒಳಗೆ ಜಗತ್ತಿನ ಶ್ರೇಷ್ಠ ವಾದಕ, ಬಾಗಿಲು ದಾಟಿದರೆ ಪಾಸ್ ತೋರಿಸಬೇಕಾದ ಆಳು.

ಹಾಡು ಕಟ್ಟಿದ ರೀತಿಯೂ ಉಲ್ಟಾ. ಸಾಮಾನ್ಯವಾಗಿ ಕವಿ ಸಾಲು ಬರೆಯುತ್ತಾನೆ, ರಾಗ ಹಾಕುತ್ತಾರೆ, ವಾದ್ಯ ಕೂಡಿಸುತ್ತಾರೆ. ಇಲ್ಲಿ ಮೊದಲು ವಾದ್ಯಗಾರರು ತಮಗೆ ತೋಚಿದ್ದನ್ನು ತಾಸುಗಟ್ಟಲೆ ನುಡಿಸಿದರು. ಸೈಮನ್ ಆ ಟೇಪುಗಳನ್ನು ಊರಿಗೆ ಒಯ್ದು, ಕತ್ತರಿಸಿ ಜೋಡಿಸಿ, ಆಮೇಲೆ ತಿಂಗಳುಗಟ್ಟಲೆ ಕುಳಿತು ಮಾತು ಬರೆದ. ಬರೆದದ್ದು ಏನು? ಆಫ್ರಿಕಾದ ಬಗ್ಗೆ ಅಲ್ಲ, ವರ್ಣಭೇದದ ಬಗ್ಗೆಯೂ ಅಲ್ಲ. ಮದುವೆ ಮುರಿದುಕೊಂಡ ನಡುವಯಸ್ಸಿನ ಒಬ್ಬ ಗಂಡಸು ಮಗನನ್ನು ಕರೆದುಕೊಂಡು ಊರೂರು ದಾಟಿ ಹೋಗುತ್ತಿರುವ ಹಾಡು ಒಂದು. ಹೋಗುತ್ತಿರುವುದು ಎಲ್ವಿಸ್ ಪ್ರೀಸ್ಲಿಯ ಮನೆ ಗ್ರೇಸ್‌ಲ್ಯಾಂಡಿಗೆ. ಆ ಪದ ಮೊದಲಿಗೆ ಸುಮ್ಮನೆ ಲೆಕ್ಕ ತುಂಬಲು ಬಾಯಿಗೆ ಬಂದದ್ದು. ತೆಗೆದುಹಾಕಲು ನೋಡಿದರೂ ಹೋಗಲಿಲ್ಲವಂತೆ. ಕೊನೆಗೆ ಸೈಮನ್ ನಿಜವಾಗಿಯೂ ಆ ಮನೆಗೆ ಹೋಗಿಬಂದ. ಇನ್ನೊಂದು ಹಾಡಿನಲ್ಲಿ ಬೀದಿಯಲ್ಲಿ ಸಿಡಿಯುವ ಬಾಂಬೂ ಇದೆ, ರೋಗ ತಗಲದಂತೆ ಪ್ಲಾಸ್ಟಿಕ್ ಗುಳ್ಳೆಯೊಳಗೆ ಬೆಳೆಸಿದ ಹುಡುಗನೂ ಇದ್ದಾನೆ. ಭಯವನ್ನೂ ಬೆರಗನ್ನೂ ಒಟ್ಟಿಗೇ ಹೇಳುವ ಈ ಹಾಡಿಗೆ ಶ್ರುತಿ ಹಿಡಿದಿರುವುದು ಲೆಸೊಥೊದ ಅಕಾರ್ಡಿಯನ್. ಕೇಳಿದರೆ ನಮ್ಮ ಪೇಟಿಯ ದೂರದ ನೆಂಟ ಎಂದು ಗೊತ್ತಾಗಿಬಿಡುತ್ತದೆ.

ಒಂದು ಸಣ್ಣ ಸಂಗತಿ ನನಗೆ ಬಹಳ ಇಷ್ಟ. ‘ಗ್ರೇಸ್‌ಲ್ಯಾಂಡ್’ ಹಾಡು ನುಡಿಸುವಾಗ ರೇ ಫಿರಿ ತಮ್ಮ ಸಂಗೀತದಲ್ಲಿ ಸಾಮಾನ್ಯವಾಗಿ ಬಾರದ ಒಂದು ಸ್ವರಮೇಳ ಹಾಕಿದ. ಸೈಮನ್‌ಗೆ ಆಶ್ಚರ್ಯ. ಏಕೆ ಎಂದು ಕೇಳಿದರೆ, ನಿನ್ನ ಹಾಡುಗಳಲ್ಲಿ ಹೀಗೆ ಬರುತ್ತದಲ್ಲ, ಅದಕ್ಕೇ ಹಾಕಿದೆ ಎಂದನಂತೆ! ಅಮೆರಿಕದವನು ಆಫ್ರಿಕಾದಿಂದ ಎರವಲು ಪಡೆಯಲು ಬಂದರೆ, ಆಫ್ರಿಕಾದವನು ಅಮೆರಿಕದ್ದನ್ನು ಆಗಲೇ ಎರವಲು ಪಡೆದು ಕುಳಿತಿದ್ದ.

ಜುಲು ಗಾಯಕರ ವಿಷಯ ಬೇರೆಯಾಗಿಯೇ ಹೇಳಬೇಕು. ಗಣಿ-ಕಾರ್ಖಾನೆಗಳ ವಸತಿಗಳಲ್ಲಿ ಹೆಂಡಿರು ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಗಂಡಸರೇ ಇರುತ್ತಿದ್ದರು. ಶನಿವಾರ ರಾತ್ರಿ ವಾದ್ಯವಿಲ್ಲದೆ ಬರೀ ಕೊರಳಿನಿಂದ ಹಾಡಿನ ಪೈಪೋಟಿ. ಹೆಜ್ಜೆ ಜೋರಾಗಿ ಕುಟ್ಟಿದರೆ ಕಾವಲಿನವರು ಬಂದುಬಿಡುತ್ತಾರೆಂದು ತುದಿಗಾಲಲ್ಲಿ ಕುಣಿಯುತ್ತಿದ್ದರು ಎನ್ನುತ್ತಾರೆ. ಆ ಹಾಡಿಗೆ ‘ಇಸಿಕತಮಿಯ’ ಎಂದೇ ಹೆಸರು; ಮೆಲ್ಲಗೆ ಹೆಜ್ಜೆಯಿಡುವುದು ಎಂದರ್ಥ. ಲೇಡಿಸ್ಮಿತ್ ಊರಿನ ಕಡೆಯ ರೈತರ ಮಗ ಜೋಸೆಫ್ ಶಬಲಾಲ 1960ರಲ್ಲಿ ಕಟ್ಟಿದ ತಂಡ ‘ಲೇಡಿಸ್ಮಿತ್ ಬ್ಲ್ಯಾಕ್ ಮಂಬಾಜೊ’. ಲೇಡಿಸ್ಮಿತ್ ಊರ ಹೆಸರು. ಬ್ಲ್ಯಾಕ್ ಎಂದರೆ ಹೊಲದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಕರಿ ಎತ್ತು. ಮಂಬಾಜೊ ಎಂದರೆ ಕೊಡಲಿ, ಪೈಪೋಟಿಯವರನ್ನೆಲ್ಲ ಕಡಿದು ಹಾಕುವ ಕೊಡಲಿ. ಎಂಥ ಹೆಸರು ನೋಡಿ! ಊರು, ಎತ್ತು, ಕೊಡಲಿ ಮೂರೂ ಒಂದೇ ಕಡೆ.

ಸೈಮನ್ ಮತ್ತು ಶಬಲಾಲ ಸೇರಿ ಬರೆದ ‘ಹೋಮ್‌ಲೆಸ್’, ಅಂದರೆ ಮನೆಯಿಲ್ಲದವರು, ಎಂಬ ಹಾಡನ್ನು ಲಂಡನ್ನಿನಲ್ಲಿ ಮುದ್ರಿಸಿದರು. ಹಾಡು ಶುರುವಾಗುವುದೇ ಜುಲು ಭಾಷೆಯಲ್ಲಿ. ಒಂದೂ ವಾದ್ಯವಿಲ್ಲ. ಯಾರಿಗೂ ಅರ್ಥ ಬಿಡಿಸಿ ಹೇಳುವ ಗೋಜಿಗೆ ಹೋಗಿಲ್ಲ. ಆದರೂ ಜಗತ್ತಿನ ಮನೆಮನೆಗಳಲ್ಲಿ ಜುಲು ನುಡಿ ಕೇಳಿತು.

ಭಾಷೆಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ, ನಮ್ಮ ಶಾಲೆಗಳ ಬಂಧುಗಳಿಗೆ ಇದು ಬೇಗ ಅರ್ಥವಾಗುತ್ತದೆ. ಬಕಿತಿ ಕುಮಾಲೊ ಹುಟ್ಟಿದ ಸೊವೆಟೊದಲ್ಲಿ 1976ರ ಜೂನ್ 16ರಂದು ಸಾವಿರಾರು ಶಾಲಾ ಮಕ್ಕಳು ಬೀದಿಗಿಳಿದರು. ಕಾರಣ ಮಾಧ್ಯಮ. ಗಣಿತ ಮತ್ತು ಸಮಾಜ ವಿಷಯಗಳನ್ನು ಆಳುವ ಬಿಳಿಯರ ಆಫ್ರಿಕಾನ್ಸ್ ಭಾಷೆಯಲ್ಲೇ ಕಲಿಸಬೇಕೆಂದು 1974ರಲ್ಲಿ ಆದೇಶ ಬಂದಿತ್ತು. ಎಷ್ಟೋ ಶಿಕ್ಷಕರಿಗೇ ಆ ಭಾಷೆ ಸರಿಯಾಗಿ ಬರುತ್ತಿರಲಿಲ್ಲ. ಮಕ್ಕಳ ಮೇಲೆ ಪೊಲೀಸರು ಗುಂಡು ಹಾರಿಸಿದರು. ಗುಂಡೇಟಿಗೆ ಸತ್ತ ಬಾಲಕ ಹೆಕ್ಟರ್ ಪೀಟರ್‌ಸನ್‌ನನ್ನು ಎತ್ತಿಕೊಂಡು ಓಡುತ್ತಿರುವ ಹುಡುಗನ ಫೋಟೋ ಜಗತ್ತನ್ನೆಲ್ಲ ಸುತ್ತಿತು. ಇನ್ನೊಂದು ಮಗ್ಗುಲೂ ಇದೆ. ಅದೇ ಸರಕಾರ ಕೆಳಗಿನ ತರಗತಿಗಳಲ್ಲಿ ಮಾತೃಭಾಷೆಯನ್ನೇ ಕಡ್ಡಾಯ ಮಾಡಿತ್ತು - ಪ್ರೀತಿಗಲ್ಲ, ಜುಲುವಿನವರು ಜುಲುವಿನಲ್ಲೇ ಇರಲಿ, ಸೋಥೋದವರು ಸೋಥೋದಲ್ಲೇ ಇರಲಿ, ಒಟ್ಟುಗೂಡದಿರಲಿ, ಮೇಲೆ ಬಾರದಿರಲಿ ಎಂದು. ರೇಡಿಯೋವನ್ನೂ ಹಾಗೆಯೇ ಬುಡಕಟ್ಟುಗಳ ಲೆಕ್ಕದಲ್ಲಿ ಹಂಚಿತ್ತು. ಇಂಥ ಕಡೆಯಲ್ಲಿ ಸೋಥೋ, ಶಾಂಗಾನ್, ಜುಲು ಮಾತಾಡುವವರು ಒಂದೇ ಧ್ವನಿಸುರುಳಿಯಲ್ಲಿ ಕುಳಿತದ್ದು ಸಣ್ಣ ಸಂಗತಿಯಲ್ಲ. ಆದರೆ ಅದರ ಮುಖಪುಟದಲ್ಲಿ ಇದ್ದ ಹೆಸರು ಪಾಲ್ ಸೈಮನ್ ಒಬ್ಬನದೇ. ಚಿತ್ರವೂ ದಕ್ಷಿಣ ಆಫ್ರಿಕಾದ್ದಲ್ಲ, ಇಥಿಯೋಪಿಯಾದ ಹಳೆಯ ಪಟವೊಂದರ ಕುದುರೆ ಸವಾರ ಸಂತ!

ಹೆಸರಿನ ವಿಷಯದಲ್ಲಿ ಆ ದೇಶದ ಹಾಡುಗಾರರಿಗೆ ಹಳೆಯ ಗಾಯವಿದೆ. 1939ರಲ್ಲಿ ಸೊಲೊಮನ್ ಲಿಂಡಾ ಎಂಬ ಜುಲು ಗಾಯಕ ‘ಎಂಬೂಬೆ’, ಅಂದರೆ ಸಿಂಹ, ಎಂಬ ಹಾಡನ್ನು ಜೊಹಾನ್ಸ್‌ಬರ್ಗಿನಲ್ಲಿ ಮುದ್ರಿಸಿದ. ಶಬಲಾಲನ ಗಾಯನ ಪದ್ಧತಿಗೆ ಇದೇ ತಾಯಿಬೇರು. ಹಾಡಿನ ಹಕ್ಕಿಗೆ ಲಿಂಡಾನ ಕೈಗೆ ಬಂದದ್ದು ಹತ್ತು ಶಿಲಿಂಗ್. ಆ ಹಾಡು ಅಮೆರಿಕಕ್ಕೆ ಹೋಗಿ, ಹೆಸರು ಬದಲಾಗಿ, 1961ರಲ್ಲಿ ಇಂಗ್ಲಿಷ್ ಮಾತು ತೊಟ್ಟು ಜಗತ್ತಿನ ಬಾಯಲ್ಲಿ ಕುಳಿತಿತು. 1994ರಲ್ಲಿ ಡಿಸ್ನಿಯವರ ‘ಲಯನ್ ಕಿಂಗ್’ ಚಿತ್ರದಲ್ಲೂ ಬಂತು. ನಮ್ಮ ಮಕ್ಕಳೂ ಟಿವಿಯಲ್ಲಿ ಕೇಳಿದ್ದಾರೆ. ಲಿಂಡಾ 1962ರಲ್ಲಿ ಬಡವನಾಗಿಯೇ ಸತ್ತ. ಗೋರಿಗೆ ಒಂದು ಕಲ್ಲು ನಿಲ್ಲಿಸಲು ಹೆಂಡತಿಯ ಬಳಿ ಹಣವಿರಲಿಲ್ಲ. ಅವನ ಹೆಣ್ಣುಮಕ್ಕಳು ಕೋರ್ಟು ಹತ್ತಿದ ಮೇಲೆ 2006ರಲ್ಲಿ ರಾಜಿಯಾಗಿ ಅವರಿಗೆ ಪಾಲು ಸಿಕ್ಕಿತು.

ಇದನ್ನು ಪಕ್ಕಕ್ಕಿಟ್ಟು ‘ಗ್ರೇಸ್‌ಲ್ಯಾಂಡ್’ ನೋಡಿ. ಅಕಾರ್ಡಿಯನ್ ಹಾಡಿನಲ್ಲಿ ಸೈಮನ್ ಜೊತೆ ಫೊರೆರೆ ಮೊಟ್ಲೊಹೆಲೊವಾನ ಹೆಸರಿದೆ. ‘ಹೋಮ್‌ಲೆಸ್’ನಲ್ಲಿ ಶಬಲಾಲನ ಹೆಸರಿದೆ. ಗಾಜಾ ಸಿಸ್ಟರ್ಸ್ ಹಾಡಿಗೆ ಶಿರಿಂದಾನ ಹೆಸರು, ‘ಗಂಬೂಟ್ಸ್’ ರಾಗಕ್ಕೆ ಅದನ್ನು ಕಟ್ಟಿದ ಇಬ್ಬರ ಹೆಸರು. ಹೆಸರಿದ್ದವರಿಗೆ ಗೌರವಧನದ ಪಾಲು ಬರುತ್ತದೆ. ಈ ಪಾಠ ಅವನಿಗೆ ಹಿಂದೆಯೇ ಆಗಿತ್ತು. ಆಂಡಿಸ್ ಕಡೆಯ ಆ ರಾಗವನ್ನು ಜಾನಪದ ಎಂದುಕೊಂಡು 1970ರಲ್ಲಿ ಹಾಡಿದ್ದ. ಅದು ಪೆರುವಿನ ದಾನಿಯೆಲ್ ಅಲೊಮಿಯಾ ರೊಬ್ಲೆಸ್ 1913ರಲ್ಲಿ ರಚಿಸಿದ್ದು ಎಂದು ಅವರ ಮಗ ದಾವೆ ಹೂಡಿದಾಗ ಒಪ್ಪಿಕೊಳ್ಳಬೇಕಾಯಿತು. ಹಾಗೆಂದು ಪೂರ್ತಿ ಶುದ್ಧನೆಂದು ಹೇಳಲಾರೆ. ಅಮೆರಿಕದವರೇ ಆದ ಲಾಸ್ ಲೋಬೋಸ್ ತಂಡದವರು ಕೊನೆಯ ಹಾಡು ತಮ್ಮದು, ನಮ್ಮ ಹೆಸರೇ ಇಲ್ಲ ಎಂದು ದೂರಿದರು. ಸೈಮನ್ ಒಪ್ಪಲಿಲ್ಲ, ಆ ಜಗಳ ಹಾಗೆಯೇ ಉಳಿಯಿತು.

1986ರ ಆಗಸ್ಟ್ 25ರಂದು ‘ಗ್ರೇಸ್‌ಲ್ಯಾಂಡ್’ ಬಿಡುಗಡೆಯಾಯಿತು. ಮುಗಿದುಹೋದ ಗಾಯಕ ಎಂದುಕೊಂಡಿದ್ದವನ ಧ್ವನಿಸುರುಳಿ ಒಂದು ಕೋಟಿಗೂ ಹೆಚ್ಚು ಮಾರಾಟವಾಯಿತು, 1987ರಲ್ಲಿ ವರ್ಷದ ಶ್ರೇಷ್ಠ ಆಲ್ಬಂ ಎಂದು ಗ್ರ್ಯಾಮಿ ಪ್ರಶಸ್ತಿಯೂ ಬಂತು. ಈಗ ಅಂಗಡಿಗಳಲ್ಲಿ ‘ವರ್ಲ್ಡ್ ಮ್ಯೂಸಿಕ್’ ಎಂದು ಒಂದು ಪಟ್ಟಿ ಹಚ್ಚುತ್ತಾರಲ್ಲ, ಆ ಹೆಸರನ್ನು ಲಂಡನ್ನಿನ ಕೆಲವು ಸಣ್ಣ ಕಂಪನಿಯವರು ಕುಳಿತು ಗೊತ್ತುಮಾಡಿದ್ದು 1987ರ ಬೇಸಿಗೆಯಲ್ಲಿ, ಇದರ ಮರುವರ್ಷ.

ಜಗಳವೂ ಅಷ್ಟೇ ಜೋರಾಯಿತು. 1985ರಲ್ಲಿ ಆ ದೇಶದ ಕೆಲವು ಭಾಗಗಳಲ್ಲಿ, 1986ರ ಜೂನಿನಲ್ಲಿ ಇಡೀ ದೇಶದಲ್ಲಿ ತುರ್ತುಪರಿಸ್ಥಿತಿ ಹೇರಿದ್ದರು. ಬೀದಿಗಳಲ್ಲಿ ಜನ ಸಾಯುತ್ತಿರುವಾಗ ಒಂದು ಹಾಡಿನಲ್ಲೂ ಆ ಮಾತೆತ್ತದೆ ಕುಣಿಸುತ್ತಿದ್ದಾನಲ್ಲ ಎಂಬ ಸಿಟ್ಟು. ಸನ್ ಸಿಟಿಯಲ್ಲಿ ಹಿಂದೆ ಹಾಡಿ ಬಂದಿದ್ದ ಲಿಂಡಾ ರಾನ್‌ಸ್ಟಾಟ್‌ಳನ್ನೇ ಒಂದು ಹಾಡಿಗೆ ಕರೆದದ್ದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಅಮೆರಿಕದ ಹೋವರ್ಡ್ ವಿಶ್ವವಿದ್ಯಾಲಯದ ಕರಿಯ ವಿದ್ಯಾರ್ಥಿಗಳು ಅವನನ್ನು ಎದುರಿಗೆ ನಿಲ್ಲಿಸಿಯೇ ಪ್ರಶ್ನಿಸಿದರು. 1987ರ ಏಪ್ರಿಲ್‌ನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಹೊರಗೆ ಪ್ರತಿಭಟನೆ ನಡೆಯಿತು. ಬಿಲ್ಲಿ ಬ್ರಾಗ್, ಪಾಲ್ ವೆಲ್ಲರ್, ಜೆರ್ರಿ ಡ್ಯಾಮರ್ಸ್ ಮುಂತಾದ ಗಾಯಕರು ಕ್ಷಮೆ ಕೇಳು ಎಂದು ಪತ್ರ ಬರೆದರು. ಡ್ಯಾಮರ್ಸ್ ಸಾಮಾನ್ಯದವನಲ್ಲ, ಮಂಡೇಲಾ ಬಿಡುಗಡೆಗಾಗಿ 1984ರಲ್ಲಿ ಜಗತ್ಪ್ರಸಿದ್ಧ ಹಾಡು ಕೊಟ್ಟವನು.

ಹೊರಗೆ ಹೀಗಿದ್ದರೆ ಹಾಲಿನ ಒಳಗೆ ವೇದಿಕೆಯ ಮೇಲೆ ಸೈಮನ್ ಪಕ್ಕದಲ್ಲಿ ನಿಂತವರು ಯಾರು? ಹ್ಯೂ ಮಸೆಕೆಲಾ ಮತ್ತು ಮಿರಿಯಂ ಮಕೇಬಾ. ಮಸೆಕೆಲಾ 1960ರಲ್ಲಿ ದೇಶ ಬಿಟ್ಟ ತುತ್ತೂರಿ ವಾದಕ. ಮಕೇಬಾ ಅದೇ ವರ್ಷ ತಾಯಿಯ ಮಣ್ಣಿಗೆ ಹೋಗಲು ಹೊರಟಾಗ ಪಾಸ್‌ಪೋರ್ಟ್ ರದ್ದಾಗಿದೆ ಎಂದು ತಿಳಿದು ಪರದೇಶದಲ್ಲೇ ಉಳಿದ ಗಾಯಕಿ. ಇಪ್ಪತ್ತೇಳು ವರ್ಷ ಊರ ಮುಖ ನೋಡದವರು. ಇವರಿಗಿಂತ ವರ್ಣಭೇದದ ನೋವುಂಡವರು ಹೊರಗೆ ಫಲಕ ಹಿಡಿದವರಲ್ಲಿ ಎಷ್ಟು ಜನ ಇದ್ದರು? ಹಾಗೆಂದು ಫಲಕ ಹಿಡಿದವರದು ತಪ್ಪೆಂದೂ ಹೇಳಲಾಗದು, ಅವರು ಜನರ ಹೋರಾಟದ ಕರೆಗೇ ಓಗೊಟ್ಟವರು. ರೇ ಫಿರಿಯ ಮಾತು ಇಬ್ಬರಿಗೂ ಚುಚ್ಚುವಂಥದ್ದು. ಊರಲ್ಲಿ ಸರಕಾರ ನಮ್ಮನ್ನು ತುಳಿಯುತ್ತದೆ, ಹೊರಬಂದರೆ ನೀವೂ ವಾಪಸ್ ಹೋಗಿ ಎನ್ನುತ್ತೀರಿ, ಪೆಟ್ಟು ತಿಂದವನಿಗೇ ಎರಡನೇ ಪೆಟ್ಟೇ ಎಂಬುದು ಅವನ ಅಳಲಾಗಿತ್ತು. ನಮ್ಮ ತರಗತಿಯ ಹುಡುಗಿ ಕೇಳಿದ್ದೂ ಇದನ್ನೇ ಅಲ್ಲವೇ?

1987ರ ಮೇ ತಿಂಗಳಲ್ಲಿ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಅಧ್ಯಕ್ಷ ಆಲಿವರ್ ಟಾಂಬೊ ಲಂಡನ್ನಿನಲ್ಲಿ ಒಂದು ಉಪನ್ಯಾಸ ಕೊಟ್ಟರು. ಬಹಿಷ್ಕಾರ ಇರಬೇಕು, ಆದರೆ ಆ ಸರಕಾರದ ಸಂಸ್ಕೃತಿ ಬೇರೆ, ಜನರ ಸಂಸ್ಕೃತಿ ಬೇರೆ. ಜನರ ಕಲಾವಿದರಿಗೆ ಜಗತ್ತಿನ ಬಾಗಿಲು ಮುಚ್ಚಬಾರದು ಎಂಬ ದಿಕ್ಕಿನಲ್ಲಿ ಅವರ ಮಾತು ತಿರುಗಿತ್ತು. ಈ ಬದಲಾವಣೆಗೆ ‘ಗ್ರೇಸ್‌ಲ್ಯಾಂಡ್’ ಒಂದೇ ಕಾರಣವಲ್ಲ, ಒಳಗಿನ ನಾಟಕದವರು, ಬರಹಗಾರರು ಆಗಲೇ ಕೇಳುತ್ತಿದ್ದರು. ಆದರೆ ಪ್ರಶ್ನೆಯನ್ನು ಎಲ್ಲರಿಗೂ ಕೇಳಿಸುವಂತೆ ಮಾಡಿದ್ದು ಈ ಗಲಾಟೆಯೇ.

1990ರ ಫೆಬ್ರವರಿ 11ರಂದು ಮಂಡೇಲಾ ಹೊರಬಂದರು. ಮಕೇಬಾ, ಮಸೆಕೆಲಾ ಅದೇ ವರ್ಷ ಊರಿಗೆ ಮರಳಿದರು. 1991ರ ಕೊನೆಗೆ ಸಾಂಸ್ಕೃತಿಕ ಬಹಿಷ್ಕಾರ ತೆರವಾಯಿತು, 1992ರ ಜನವರಿಯಲ್ಲಿ ಸೈಮನ್ ಜೊಹಾನ್ಸ್‌ಬರ್ಗಿನಲ್ಲಿ ಹಾಡಿದ. ಈ ಬಾರಿ ಮಂಡೇಲಾ ಅವರೇ ಸ್ವಾಗತಿಸಿದರು. ಅಜಾಪೊ ಎಂಬ ಇನ್ನೊಂದು ಪಕ್ಷದವರು ಆಗಲೂ ವಿರೋಧಿಸಿದರು. 1993ರಲ್ಲಿ ಮಂಡೇಲಾ ನೊಬೆಲ್ ಶಾಂತಿ ಪ್ರಶಸ್ತಿ ಪಡೆಯಲು ಓಸ್ಲೊಗೆ ಹೋದಾಗ ಜೊತೆಯಲ್ಲಿ ಹೋಗಿ ಹಾಡಿದ್ದು ಲೇಡಿಸ್ಮಿತ್ ಬ್ಲ್ಯಾಕ್ ಮಂಬಾಜೊ.

ಜಗಳದ ಕೊನೆಯ ಅಧ್ಯಾಯ 2012ರ ಒಂದು ಸಾಕ್ಷ್ಯಚಿತ್ರದಲ್ಲಿದೆ. ಆಲಿವರ್ ಟಾಂಬೊ ಅವರ ಮಗ ಡಾಲಿ ಟಾಂಬೊ ಆ ಕಾಲದಲ್ಲಿ ಲಂಡನ್ನಿನಲ್ಲಿ ಕಲಾವಿದರ ವರ್ಣಭೇದ ವಿರೋಧಿ ಸಂಘಟನೆ ನಡೆಸುತ್ತಿದ್ದವರು, ಸೈಮನ್‌ನನ್ನು ಕಟುವಾಗಿ ಟೀಕಿಸಿದವರು. ಇಪ್ಪತ್ತೈದು ವರ್ಷದ ಮೇಲೆ ಇಬ್ಬರೂ ಒಂದೇ ಸೋಫಾದ ಮೇಲೆ ಕುಳಿತು ಮಾತಾಡುತ್ತಾರೆ. ನೀನು ನಮ್ಮನ್ನು ಕೇಳಬೇಕಿತ್ತು ಎಂದು ಇವರು. ಕಲಾವಿದ ಯಾರನ್ನು ಕೇಳಬೇಕು ಎಂದು ಅವನು. ಯಾರೂ ತಮ್ಮ ಮಾತು ಬಿಡುವುದಿಲ್ಲ. ಮಾತು ಮುಗಿದ ಮೇಲೆ ಎದ್ದು ಅಪ್ಪಿಕೊಳ್ಳುತ್ತಾರೆ.

ರೇ ಫಿರಿ 2017ರಲ್ಲಿ, ಮಸೆಕೆಲಾ 2018ರಲ್ಲಿ ತೀರಿಕೊಂಡರು. ಜೋಸೆಫ್ ಶಬಲಾಲ ತೀರಿಕೊಂಡದ್ದು 2020ರ ಫೆಬ್ರವರಿ 11ರಂದು, ಮಂಡೇಲಾ ಜೈಲಿನಿಂದ ಹೊರಬಂದು ಸರಿಯಾಗಿ ಮೂವತ್ತು ವರ್ಷವಾದ ದಿನ. ಅವರು ಕಟ್ಟಿದ ತಂಡ ಅವರ ಮಕ್ಕಳ ಜೊತೆಗೂಡಿ ಹಾಡು ಮುಂದುವರಿಸಿತು. ‘ಹೋಮ್‌ಲೆಸ್’ ನನ್ನ ಮೊಬೈಲಿನಲ್ಲಿದೆ. ಶನಿವಾರದ ಕೊನೆಯ ಅವಧಿಯಲ್ಲಿ ತರಗತಿಗೆ ಕೇಳಿಸಿ, ಆ ಹುಡುಗಿಗೆ ಇಷ್ಟನ್ನೂ ಹೇಳಬೇಕೆಂದಿದ್ದೇನೆ. ಅವಳ ಮುಂದಿನ ಪ್ರಶ್ನೆ ಏನಿರುತ್ತದೋ ನೋಡೋಣ.